ಜಗುಲಿಗೆ ಬಂದ ದೂರದರ್ಶನ



ಚಿತ್ರದುರ್ಗದಿಂದ ಹೊಳಲ್ಕೆರೆಗೆ, ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ, ಅಲ್ಲಿಂದ ಹಿರಿಯೂರಿನತ್ತ ಸಾಗುವಾಗ ದಾರಿಯ ಹಳ್ಳಿಗಳ ಹಳೆಯ ಮಾಳಿಗೆ ಮನೆಗಳ ನೆತ್ತಿಯನ್ನು ಸ್ವಲ್ಪ ಗಮನಿಸಿ ನೋಡಿ. ಅಲ್ಲೊಂದು ಇಲ್ಲೊಂದು ಮನೆಯ ಮೇಲೆ ತುಕ್ಕು ಹಿಡಿದ ಕಬ್ಬಿಣದ ಕೊಳವೆ ಇನ್ನೂ ನಿಂತಿರುತ್ತದೆ. ಅದರ ತುದಿಯಲ್ಲಿ ಮೀನಿನ ಮುಳ್ಳಿನ ಆಕಾರದ ಅಲ್ಯೂಮಿನಿಯಂ ಕಡ್ಡಿಗಳು. ಕೆಲವು ಮುರಿದಿವೆ, ಉಳಿದವುಗಳ ಮೇಲೆ ಕಾಗೆ ಕೂರುತ್ತದೆ. ಮನೆಯಾಕೆ ಕೊಳವೆಯ ಬುಡಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾಳೆ. ಇದು ಏನೆಂದು ಕೇಳಿದರೆ ಇಂದಿನ ಮಕ್ಕಳಿಗೆ ಗೊತ್ತಿಲ್ಲ. ನಲವತ್ತು ವರ್ಷಗಳ ಹಿಂದೆ ಆ ಕೊಳವೆ ಏರಿದ ದಿನ ಊರಿಗೆ ಊರೇ ಆ ಮನೆಯ ಮುಂದೆ ನೆರೆದಿತ್ತು ಎಂದರೆ ಅವರು ನಂಬುವುದೂ ಇಲ್ಲ.

ದುರ್ಗದ ಇತಿಹಾಸವೆಂದ ಕೂಡಲೇ ನಮಗೆ ಏಳುಸುತ್ತಿನ ಕೋಟೆ, ಮದಕರಿ ನಾಯಕ, ಒನಕೆ ಓಬವ್ವ ನೆನಪಾಗುತ್ತಾರೆ. ಅದು ಸರಿಯೇ. ಆದರೆ ಸಾಮಾನ್ಯ ಕುಟುಂಬವೊಂದು ದಿನದ ದುಡಿಮೆ ಮುಗಿಸಿ ಸಂಜೆ ಎಲ್ಲಿ ಕುಳಿತುಕೊಳ್ಳುತ್ತಿತ್ತು, ಯಾರ ಪಕ್ಕದಲ್ಲಿ ಕುಳಿತುಕೊಳ್ಳುತ್ತಿತ್ತು, ಏನನ್ನು ನೋಡಿ ನಗುತ್ತಿತ್ತು ಎಂಬುದೂ ಇತಿಹಾಸವೇ. ಆ ಇತಿಹಾಸಕ್ಕೆ ಶಾಸನಗಳಿಲ್ಲ. ಈ ತುಕ್ಕು ಹಿಡಿದ ಕೊಳವೆಗಳಿವೆ. ಅವೂ ಇನ್ನು ಹತ್ತು ವರ್ಷದಲ್ಲಿ ಗುಜರಿಗೆ ಹೋಗುತ್ತವೆ.

“ಟಿ.ವಿ. ಬಂತು, ಹಳ್ಳಿಯ ಸಂತೋಷಗಳು ಸತ್ತವು” ಎಂಬ ಮಾತನ್ನು ನಾವು ಪ್ರಬೋಧನೆಗಳಲ್ಲಿ, ಭಾಷಣಗಳಲ್ಲಿ ಬಹಳ ಸಲ ಆಡಿದ್ದೇವೆ. ನಾನೂ ಆಡಿದ್ದೇನೆ. ಈಗ ಹಿಂತಿರುಗಿ ನೋಡಿದಾಗ ಅದು ಅರ್ಧ ಸತ್ಯವೆಂದು ತೋರುತ್ತದೆ. ಬಂದ ಮೊದಲ ಹತ್ತು ವರ್ಷಗಳಲ್ಲಿ ಟಿ.ವಿ. ನಮ್ಮ ಸೀಮೆಯ ಹಳ್ಳಿಯ ಸಂತೋಷಗಳ ಎದುರಿಗೆ ನಿಲ್ಲಲಿಲ್ಲ. ಅವುಗಳ ಸಾಲಿನಲ್ಲಿಯೇ, ಅದೇ ಜಗುಲಿಯ ಮೇಲೆ, ಅದೇ ಕಂಬಳಿಯ ಮುಂದೆ ಕುಳಿತುಕೊಂಡಿತು. ಅದು ಹೇಗೆ ಸಾಧ್ಯವಾಯಿತು, ಮುಂದೆ ಏನಾಯಿತು ಎಂಬುದನ್ನು ನಿಮ್ಮೊಂದಿಗೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ನಮ್ಮದು ಬರದ ಸೀಮೆ. ಹಿರಿಯೂರಿನಲ್ಲಿ ವಾಣಿವಿಲಾಸ ಸಾಗರದ ನಾಲೆ ಹರಿಯುವ ಕಡೆ ಭತ್ತ, ಕಬ್ಬು. ಹೊಸದುರ್ಗದ ಕಡೆ ತೆಂಗು. ಹೊಳಲ್ಕೆರೆಯಲ್ಲಿ ಅಡಿಕೆ, ಮೆಕ್ಕೆಜೋಳ. ಉಳಿದೆಡೆ ರಾಗಿ, ಶೇಂಗಾ, ಜೋಳ, ಈರುಳ್ಳಿ. ಮಳೆ ಬಂದರೆ ಬದುಕು, ಬಾರದಿದ್ದರೆ ಗುಳೆ. ಇಂಥ ನೆಲದಲ್ಲಿ ಸಂತೋಷಗಳು ಖರ್ಚಿಲ್ಲದವಾಗಿರಲೇಬೇಕಿತ್ತು. ಹೊಲದ ಬದುವಿನಲ್ಲಿ ಹಸಿ ಶೇಂಗಾವನ್ನು ಬಳ್ಳಿಸಮೇತ ಸುಟ್ಟು, ಬೂದಿ ಊದಿ ತಿನ್ನುವುದು. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಬಾಡಿಸಿ ಅಂಗೈಯಲ್ಲಿ ಉಜ್ಜಿ ಬೆಲ್ಲದೊಡನೆ ಬಾಯಿಗೆ ಹಾಕಿಕೊಳ್ಳುವುದು. ಪಂಚಮಿಗೆ ಹುಣಸೆಮರಕ್ಕೆ ಜೋಕಾಲಿ ಕಟ್ಟುವುದು. ಮಧ್ಯಾಹ್ನದ ಬಿಸಿಲಿಗೆ ಜಗುಲಿಯ ಕಲ್ಲಿನ ಮೇಲೆ ಕೆತ್ತಿದ ಮನೆಗಳಲ್ಲಿ ಹುಲಿ-ಕುರಿ ಆಡುವುದು. ನಮ್ಮ ಅನೇಕ ಗುಡಿಗಳ ಹಾಸುಗಲ್ಲುಗಳಲ್ಲಿ, ಊರ ಮುಂದಿನ ಕಟ್ಟೆಗಳಲ್ಲಿ ಈ ಆಟದ ಗೆರೆಗಳು ಇಂದಿಗೂ ಅಳಿಸಿಲ್ಲ. ಆಡಿದವರ ಹೆಸರು ಮಾತ್ರ ಎಲ್ಲೂ ಇಲ್ಲ.

ಇವೆಲ್ಲಕ್ಕೂ ಮಿಗಿಲಾಗಿದ್ದು ಬಯಲಾಟ. ಸುಗ್ಗಿ ಮುಗಿದ ಮೇಲೆ ಊರಿನ ಗಂಡಸರು ಎರಡು ಮೂರು ತಿಂಗಳು ಹಾರ್ಮೋನಿಯಂ ಮಾಸ್ತರರ ಕೈಕೆಳಗೆ ತಾಲೀಮು ನಡೆಸುತ್ತಿದ್ದರು. ಕುರುಕ್ಷೇತ್ರ, ದ್ರೌಪದಿ ವಸ್ತ್ರಾಪಹರಣ, ಲವಕುಶರ ಕಾಳಗ ಮೊದಲಾದವು ಎಲ್ಲರಿಗೂ ಕಂಠಪಾಠವಾಗಿದ್ದ ಕಥೆಗಳು. ರಾತ್ರಿ ಊಟವಾದ ಮೇಲೆ ಆರಂಭವಾದ ಆಟ ಬೆಳ್ಳಿ ಮೂಡುವವರೆಗೆ ನಡೆಯುತ್ತಿತ್ತು. ನಡುನಡುವೆ ಆಟ ನಿಲ್ಲಿಸಿ, ಇಂಥವರ ಮಾವನವರು ಭೀಮನ ಪಾತ್ರಧಾರಿಗೆ ಐದು ರೂಪಾಯಿ ಮುಯ್ಯಿ ಕೊಟ್ಟಿದ್ದಾರೆ ಎಂದು ಕೂಗಿ ಹೇಳುತ್ತಿದ್ದರು. ಮುಂದೆ ಟಿ.ವಿ.ಯಲ್ಲಿ ಸೋಪಿನ ಜಾಹೀರಾತು ಕಥೆಯ ನಡುವೆ ಬಂದಾಗ ನಮ್ಮ ಹಿರಿಯರಿಗೆ ಅದು ಅಷ್ಟೇನೂ ವಿಚಿತ್ರವೆನಿಸಲಿಲ್ಲ. ಕಥೆಯ ನಡುವೆ ದುಡ್ಡು ಕೊಟ್ಟವರ ಹೆಸರು ಕೂಗುವುದು ಅವರಿಗೆ ಹಳೆಯ ಪದ್ಧತಿಯೇ.

ಹಿರಿಯೂರು, ಚಳ್ಳಕೆರೆ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಬೇರೊಂದು ಲೋಕವಿತ್ತು. ಅಲ್ಲಿ ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲು ನುಡಿಸುತ್ತಾ ಜುಂಜಪ್ಪನ ಕಥೆಯನ್ನು ರಾತ್ರಿಯಿಡೀ ಹಾಡುತ್ತಿದ್ದರು. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿಯ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಅಕ್ಷರ ಬಾರದ ಆ ತಾಯಿ ಸಾವಿರಾರು ಸಾಲುಗಳ ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು; ವಿದ್ವಾಂಸರು ಅವರ ಹಟ್ಟಿಗೇ ಹೋಗಿ ಬರೆದುಕೊಂಡರು. ಇದನ್ನು ಇಲ್ಲಿ ನೆನೆಯಲು ಕಾರಣವುಂಟು. ನಮ್ಮ ಹಳ್ಳಿಗರು ಟಿ.ವಿ.ಯ ಮುಂದೆ ಕುಳಿತಾಗ ಬರಿಗೈಯಲ್ಲಿ ಕುಳಿತವರಲ್ಲ. ಕಥೆ ಕೇಳುವುದರಲ್ಲಿ, ತೂಗಿ ನೋಡುವುದರಲ್ಲಿ ಪಳಗಿದ ಜನ ಅವರು.

ಸಿನಿಮಾ ಟೆಂಟುಗಳೂ ಬಂದು ಹೋದವು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ನೆಲದವರು ಮನೆಯಿಂದಲೇ ಕಂಬಳಿ ತರುತ್ತಿದ್ದರು. ನಮ್ಮ ಜಿಲ್ಲೆಯ ಕಂಬಳಿ ಹೆಸರಾದದ್ದು. ಚಳಿಗೆ ಹೊದಿಕೆ, ಮಳೆಗೆ ಕೊಪ್ಪೆ, ಆಟಕ್ಕೆ ಆಸನ. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂದಾಗ ದುರ್ಗದ ಜನ ತಮ್ಮ ಕೋಟೆಯನ್ನೇ ಬೆಳ್ಳಿತೆರೆಯ ಮೇಲೆ ಕಂಡು ಬೆರಗಾದರು. ನಮ್ಮ ತಳುಕಿನವರಾದ ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿದ ಚಿತ್ರವದು. ಅದರಲ್ಲಿ ಜಯಂತಿಯವರು ಓಬವ್ವನಾಗಿ ಒನಕೆ ಎತ್ತಿದ ದೃಶ್ಯ ಮುಂದೆ ಟಿ.ವಿ.ಯ ಪರದೆಗೆ ಮರಳಿ ಬಂದಾಗಲೆಲ್ಲ ನಮ್ಮ ಕಡೆಯ ಹೆಂಗಸರು ಒಲೆಯ ಮೇಲಿನ ಸಾರನ್ನು ಮರೆತು ನೋಡಿದ್ದಾರೆ.

ಈಗ ಟಿ.ವಿ.ಯ ವಿಷಯಕ್ಕೆ ಬರೋಣ. ಭಾರತದಲ್ಲಿ ದೂರದರ್ಶನದ ಪ್ರಯೋಗ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆರಂಭವಾಯಿತು. ಕನ್ನಡದ ಹಳ್ಳಿಗಳಿಗೆ ಅದು ಮೊದಲು ಬಂದದ್ದು 1975ರ ಆಗಸ್ಟ್ 1ರಂದು. ಅಮೆರಿಕದ ಉಪಗ್ರಹವೊಂದನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶಿಕ್ಷಣ ಮತ್ತು ಕೃಷಿ ಕಾರ್ಯಕ್ರಮಗಳನ್ನು ತೋರಿಸಿದ ‘ಸೈಟ್’ ಎಂಬ ಪ್ರಯೋಗವದು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಕೋಳಿ ಗೂಡಿನ ಬಲೆಯಂಥ ತಂತಿಯಿಂದ ಮಾಡಿದ ದೊಡ್ಡ ಛತ್ರಿ, ಶಾಲೆಯ ಅಥವಾ ಪಂಚಾಯಿತಿಯ ಕಟ್ಟೆಯ ಮೇಲೊಂದು ಪೆಟ್ಟಿಗೆ, ಎದುರಿಗೆ ಊರೆಲ್ಲ. ಬರಪೀಡಿತ ಚಿತ್ರದುರ್ಗ ಆ ಪಟ್ಟಿಯಲ್ಲಿರಲಿಲ್ಲ. ನಾವು ರೇಡಿಯೊ ಕೇಳುತ್ತಲೇ ಉಳಿದೆವು. ಆ ದಿನಗಳಲ್ಲಿ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಪರವಾನಗಿ ಮಾಡಿಸಬೇಕಿತ್ತು ಎಂಬುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು.

ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ತನ್ನ ಪ್ರಸಾರವನ್ನು ಆರಂಭಿಸಿತು. ಆದರೆ ಅದರ ಅಲೆಗಳು ನಮ್ಮ ಗುಡ್ಡಗಳನ್ನು ದಾಟಿ ಬರುವುದು ಕಷ್ಟವಾಗಿತ್ತು. ಟಿ.ವಿ.ಯ ಅಲೆ ಹೆಚ್ಚುಕಡಿಮೆ ನೇರ ದೃಷ್ಟಿಯಂತೆ ಸಾಗುತ್ತದೆ. ನಡುವೆ ಬೆಟ್ಟ ಬಂದರೆ ನೆರಳು ಬೀಳುತ್ತದೆ. 1983ರ ಆಗಸ್ಟ್ 30ರಂದು ಇನ್ಸಾಟ್-1ಬಿ ಉಪಗ್ರಹ ಮೇಲೇರಿತು. ಅದನ್ನು ನಿಯಂತ್ರಿಸುವ ಕೇಂದ್ರ ಇದ್ದದ್ದು ನಮ್ಮ ನೆರೆಯ ಹಾಸನದಲ್ಲಿಯೇ. 1984ರಲ್ಲಿ ಒಂದು ಹಂತದಲ್ಲಿ ಸರಾಸರಿ ದಿನಕ್ಕೊಂದರಂತೆ ದೇಶದ ಜಿಲ್ಲಾ ಪಟ್ಟಣಗಳಲ್ಲಿ ಅಲ್ಪಶಕ್ತಿಯ ಪ್ರಸಾರ ಕೇಂದ್ರಗಳು ತೆರೆದವು. ಹೀಗೆ ಆಕಾಶದಿಂದ ಇಳಿದ ಚಿತ್ರವನ್ನು ಅಂಥ ಪುಟ್ಟ ಕೇಂದ್ರವೊಂದು ಸುತ್ತಲ ಕೆಲವೇ ಮೈಲಿಗಳಿಗೆ ಹಂಚುತ್ತಿತ್ತು.

ಅಲ್ಲಿಂದಾಚೆಯ ಹಳ್ಳಿಗಳಿಗೆ ಉಳಿದ ಉಪಾಯವೇ ಎತ್ತರದ ಕೊಳವೆ. ಎರಡು ಕೊಳವೆಗಳನ್ನು ಜೋಡಿಸಿ, ಮೂರು ಕಡೆ ತಂತಿ ಎಳೆದು ಕಟ್ಟಿ, ಬುಡದಲ್ಲಿ ಬೂಸ್ಟರ್ ಎಂಬ ಚಿಕ್ಕ ಪೆಟ್ಟಿಗೆ ಇಟ್ಟು, ಒಬ್ಬ ಹುಡುಗ ಮಾಳಿಗೆಯ ಮೇಲೆ ಕೊಳವೆ ತಿರುಗಿಸುತ್ತಿದ್ದ. ಒಬ್ಬ ಬಾಗಿಲಲ್ಲಿ ನಿಲ್ಲುತ್ತಿದ್ದ. ಒಬ್ಬ ಒಳಗೆ ಪರದೆ ನೋಡುತ್ತಿದ್ದ. “ಬಂತಾ?” “ಇಲ್ಲ.” “ಈಗ?” “ಬಂತು, ಬಂತು, ಹೋಯ್ತು!” ಆಷಾಢದ ಗಾಳಿಗೆ ರಾತ್ರೋರಾತ್ರಿ ಆಂಟೆನಾ ಮುಖ ತಿರುಗಿಸಿ ನಿಲ್ಲುತ್ತಿತ್ತು. ಅಂದು ನಮ್ಮ ಚಿತ್ರ ಕೆಡಿಸಿದ ಅದೇ ಗಾಳಿ ಈಗ ದುರ್ಗದ ಗುಡ್ಡಗಳ ಮೇಲಿನ ಯಂತ್ರಗಳಲ್ಲಿ ವಿದ್ಯುತ್ತು ಕೊಡುತ್ತಿದೆ. ಅಂದು ವಿದ್ಯುತ್ತೂ ನೆಚ್ಚುವಂತಿರಲಿಲ್ಲ. ಕರೆಂಟು ಹೋದರೆ ಟ್ರಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಚಿಕ್ಕ ಕಪ್ಪುಬಿಳುಪು ಪೆಟ್ಟಿಗೆಗೆ ಜೋಡಿಸುವ ಪರಿಣತರು ಊರಿಗೊಬ್ಬರಾದರೂ ಇದ್ದರು.

ಓದುಗರೇ, ಇಲ್ಲೊಂದು ಸೋಜಿಗದ ಸಂಗತಿಯಿದೆ. ಅಂಥ ಪುಟ್ಟ ಕೇಂದ್ರಗಳಲ್ಲಿ ಹೆಚ್ಚಿನವು ಮೊದಮೊದಲು ಹಂಚಿದ್ದು ದೆಹಲಿಯ ಕಾರ್ಯಕ್ರಮಗಳನ್ನು. ಎಂದರೆ ಹಿಂದಿಯನ್ನು. ನಮ್ಮ ಹಳ್ಳಿಗಳಲ್ಲಿ ಹಿಂದಿ ಬಲ್ಲವರು ಯಾರಿದ್ದರು? ಹೈಸ್ಕೂಲು ಹುಡುಗರು ಕಷ್ಟಪಟ್ಟು ಮೂವತ್ತೈದು ಅಂಕ ತೆಗೆಯುತ್ತಿದ್ದ ಭಾಷೆ ಅದು. 1984ರ ಜುಲೈಯಲ್ಲಿ ಆರಂಭವಾದ ‘ಹಮ್ ಲೋಗ್’ ಧಾರಾವಾಹಿಯ ಕೊನೆಯಲ್ಲಿ ಅಶೋಕ್ ಕುಮಾರ್ ಬಂದು ಬುದ್ಧಿಮಾತು ಹೇಳುವಾಗ ನಮ್ಮೂರಿನವರು ಎದ್ದು ಕಂಬಳಿ ಝಾಡಿಸುತ್ತಿದ್ದರು. ಆದರೆ 1987ರ ಜನವರಿ 25ರ ಭಾನುವಾರ ರಾಮಾನಂದ ಸಾಗರರ ‘ರಾಮಾಯಣ’ ಆರಂಭವಾದಾಗ ಭಾಷೆ ಅಡ್ಡಿಯಾಗಲೇ ಇಲ್ಲ. ಯಾಕೆಂದರೆ ಮುಂದಿನ ಮಾತು ಏನೆಂದು ನೋಡುವವರಿಗೆ ಮೊದಲೇ ಗೊತ್ತಿತ್ತು. ಲವಕುಶರ ಆಟದಲ್ಲಿ ಸೀತೆಯಾಗಿದ್ದವನು ಇದೇ ಕಂಬಳಿಯ ಮೇಲೆ ಕುಳಿತು, ಪರದೆಯಲ್ಲಿ ಹಿಂದಿ ನಡೆಯುತ್ತಿರುವಂತೆಯೇ, ಕನ್ನಡದಲ್ಲಿ ಅರ್ಥ ಹೇಳುತ್ತಿದ್ದ. ಆ ಪೆಟ್ಟಿಗೆಗೆ ನಾಲಗೆ ಕೊಟ್ಟದ್ದು ಬಯಲಾಟ.

1988ರ ಅಕ್ಟೋಬರ್ 2ರಿಂದ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಬಂದಾಗಲಂತೂ ವಿಮರ್ಶೆ ಕಟುವಾಯಿತು. ಕುರುಕ್ಷೇತ್ರ ಆಡಿ ಪಳಗಿದ ಊರಲ್ಲವೇ! ಟಿ.ವಿ.ಯ ದುರ್ಯೋಧನನಿಗೆ ದನಿ ಸಾಲದು, ಭೀಮನ ಗದೆ ಸಣ್ಣದು, ನಮ್ಮವನಾದರೆ ಅಟ್ಟ ಮುರಿದು ಹೋಗುವಂತೆ ಕುಣಿಯುತ್ತಿದ್ದ ಎಂದು ತೀರ್ಪು ಕೊಟ್ಟವರನ್ನು ನಾನು ಬಲ್ಲೆ. ಅದರ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ ಎಂಬ ಮುಸ್ಲಿಂ ಸಾಹಿತಿ. ಆ ಸಂಗತಿ ನಮ್ಮ ಜಗುಲಿಯಲ್ಲಿ ಅಂದು ಯಾರಿಗೂ ತಿಳಿದಿರಲಿಲ್ಲ.

ನಮ್ಮ ಕ್ರೈಸ್ತ ಕುಟುಂಬಗಳು ಈ ಸೀಮೆಯಲ್ಲಿ ಚದುರಿ ಹೋದ ಕೆಲವೇ ಮನೆಗಳು. ಭಾನುವಾರ ಬೆಳಗಿನ ಬಲಿಪೂಜೆಗೆ ದೂರದ ಹಳ್ಳಿಯಿಂದ ಬಂದವರು ಮರಳುವ ಬಸ್ಸನ್ನು ಒಂಬತ್ತೂವರೆಯೊಳಗೆ ಹಿಡಿಯಲೇಬೇಕೆಂದು ಚಡಪಡಿಸುತ್ತಿದ್ದರು. ನಾನು ಬಾಲಕನಾಗಿದ್ದಾಗ ನಮ್ಮ ಗುರುಗಳು ಏನೂ ಹೇಳದೆ ಪೂಜೆಯ ವೇಳೆಯನ್ನು ಅರ್ಧ ಗಂಟೆ ಮುಂಚಿತವಾಗಿಸಿದರು. ಕಾರಣ ಎಲ್ಲರಿಗೂ ಗೊತ್ತಿತ್ತು; ಯಾರೂ ಬಾಯಿ ಬಿಡಲಿಲ್ಲ. ಅವರು ನಮ್ಮನ್ನು ಗದರಬಹುದಿತ್ತು. ಆದರೆ ನೆರೆಹೊರೆಯವರೆಲ್ಲ ಒಂದು ಕಡೆ ಕುಳಿತಾಗ ನಮ್ಮ ನಾಲ್ಕು ಮನೆಗಳು ಮಾತ್ರ ಬಾಗಿಲು ಹಾಕಿಕೊಂಡಿರುವುದು ಅವರಿಗೆ ಸರಿಕಂಡಿರಲಿಕ್ಕಿಲ್ಲ. ಕ್ರಿಸ್ತಜಯಂತಿಗೆ ನಾವು ಹಂಚಿದ ಸಿಹಿಯನ್ನು ತಿಂದವರು ಅದೇ ಜಗುಲಿಯವರು.

ಪ್ರಸಂಗವಶಾತ್ ಒಂದು ಮಾತು. ಟಿ.ವಿ.ಗೂ ಒಬ್ಬ ಪಾಲಕ ಸಂತರಿದ್ದಾರೆ ಎಂಬುದು ನಿಮಗೆ ಗೊತ್ತೇ? ಅಸ್ಸಿಸಿಯ ಸಂತ ಕ್ಲಾರಾ. 1958ರಲ್ಲಿ ಪೋಪ್ ಹನ್ನೆರಡನೆಯ ಭಕ್ತಿನಾಥರು, ಎಂದರೆ ಪಿಯುಸ್, ಹಾಗೆಂದು ಘೋಷಿಸಿದರು. ಕ್ರಿಸ್ತಜಯಂತಿಯ ರಾತ್ರಿ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಆ ತಾಯಿಗೆ, ದೂರದ ದೇವಾಲಯದಲ್ಲಿ ನಡೆಯುತ್ತಿದ್ದ ಪೂಜೆ ತಮ್ಮ ಕೋಣೆಯಲ್ಲಿಯೇ ಕಂಡಿತು, ಕೇಳಿಸಿತು ಎಂಬುದು ಪರಂಪರೆಯ ಕಥೆ. ಗಮನಿಸಿ: ಅವರಿಗೆ ಆ ದರ್ಶನ ದೊರೆತದ್ದು ಅವರು ಒಂಟಿಯಾಗಿ ಉಳಿದಿದ್ದಾಗ, ಉಳಿದ ಸಹೋದರಿಯರೊಡನೆ ಇರಲಾಗದ ಸಂಕಟದಲ್ಲಿ.

ಹಾಗೆಂದು ಆ ಜಗುಲಿಯನ್ನು ಸ್ವರ್ಗವೆಂದು ವರ್ಣಿಸಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಟಿ.ವಿ. ಮೊದಲು ಬಂದದ್ದು ಉಳ್ಳವರ ಮನೆಗೆ. ಮನೆಯವರು, ನೆಂಟರು ಒಳಗಿನ ಪಡಸಾಲೆಯಲ್ಲಿ, ಸರೀಕರು ಜಗುಲಿಯ ಮೇಲೆ, ಇತರರು ಅಂಗಳದಲ್ಲಿ, ಕೇರಿಯವರು ಬೀದಿಯಲ್ಲಿ ನಿಂತು ಕಿಟಕಿಯ ಸರಳುಗಳ ನಡುವೆ. ನೆಲ, ಬೆಂಚು, ಕುರ್ಚಿಯ ದರ್ಜೆಗಾದರೂ ದುಡ್ಡಿನ ಲೆಕ್ಕವಿತ್ತು, ದುಡ್ಡು ಕೊಟ್ಟವನು ಮೇಲಕ್ಕೇರಬಹುದಿತ್ತು. ಈ ದರ್ಜೆ ಹುಟ್ಟಿನದು. ಕೆಲವು ಊರುಗಳಲ್ಲಿ ಅಂಗಳ ಗುಡಿಸಿದ ಮಕ್ಕಳಿಗೆ ಮಾತ್ರ ಕೂರಲು ಅವಕಾಶ. ಕೆಲವು ಕಡೆ ಬಾಗಿಲು ಅರ್ಧ ಮುಚ್ಚುತ್ತಿತ್ತು. ನನ್ನೊಡನೆ ಓದುತ್ತಿದ್ದ ಒಬ್ಬ ಹುಡುಗ ಲಂಕಾದಹನವನ್ನು ಪೂರ್ತಿ ನಿಂತೇ ನೋಡಿದ. ನಾನು ಅಂಗಳದಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ಜಾಗವಿತ್ತು. ಕರೆಯಬೇಕೆಂದು ನನಗೆ ಹೊಳೆಯಲಿಲ್ಲ ಎಂದು ಬರೆದರೆ ಅದೂ ಸುಳ್ಳಾದೀತು. ಹೊಳೆಯಿತು, ಧೈರ್ಯ ಬರಲಿಲ್ಲ. ಮುಂದೆ ಆತ ನೌಕರಿ ಹಿಡಿದು, ಮೊದಲ ವರ್ಷದ ಸಂಬಳದ ಉಳಿತಾಯದಲ್ಲಿ ತಾಯಿಗೆ ಕೊಡಿಸಿದ್ದು ಟಿ.ವಿ. ಅವರ ಮನೆಯಲ್ಲಿ ಎಲ್ಲರೂ ಚಾಪೆಯ ಮೇಲೆ ಕುಳಿತು ನೋಡುತ್ತಿದ್ದರು. ಮನೆಗೊಂದು ಟಿ.ವಿ. ಬಂದು ಹಳ್ಳಿಯ ಕೂಟ ಒಡೆಯಿತು ಎಂದು ನಾವು ಕೊರಗುವಾಗ, ಆ ಕೂಟದಲ್ಲಿ ಕುಳಿತುಕೊಳ್ಳಲು ಜಾಗ ಸಿಗದಿದ್ದವರನ್ನೂ ಒಮ್ಮೆ ಕೇಳಬೇಕು.

ಹೆಂಗಸರ ಮಾತೂ ಹೀಗೆಯೇ. ಬಯಲಾಟದಲ್ಲಿ ಅವರಿಗೆ ಪಾತ್ರವಿರಲಿಲ್ಲ. ದ್ರೌಪದಿಯೂ ಮೀಸೆ ಬೋಳಿಸಿದ ಗಂಡಸೇ. ಟೆಂಟಿನ ರಾತ್ರಿಯಾಟಕ್ಕೆ ಹೋಗಲು ಮನೆಯ ಹಿರಿಯರ ಅಪ್ಪಣೆ ಬೇಕಿತ್ತು. ಭಾನುವಾರ ಬೆಳಗಿನ ಟಿ.ವಿ.ಗೆ ಮಾತ್ರ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಅದು ದೇವರ ಕಥೆಯಲ್ಲವೇ! ಅತ್ತೆ ಸೊಸೆ ಇಬ್ಬರೂ ಬೇಗ ರೊಟ್ಟಿ ತಟ್ಟಿ, ಹಿತ್ತಲ ಕೆಲಸ ಮುಗಿಸಿ, ಒಂದೇ ಕಂಬಳಿಯ ಎರಡು ಅಂಚುಗಳಲ್ಲಿ ಕೂರುತ್ತಿದ್ದರು. ಎಷ್ಟೋ ಮನೆಗಳಲ್ಲಿ ವಾರದಲ್ಲಿ ಅವರಿಬ್ಬರೂ ಒಟ್ಟಿಗೆ ಕೂರುತ್ತಿದ್ದುದು ಆ ಒಂದು ಗಂಟೆ ಮಾತ್ರ.

ಇನ್ನು ನಮ್ಮ ಸೀಮೆಯ ಅಚ್ಚುಮೆಚ್ಚಿನ ಕಾರ್ಯಕ್ರಮ ಯಾವುದು ಎಂದರೆ ನಾನು ‘ಮಾಲ್ಗುಡಿ ಡೇಸ್’ ಎನ್ನುತ್ತೇನೆ. ಆರ್.ಕೆ. ನಾರಾಯಣರ ಕಥೆಗಳು, ಶಂಕರ್ ನಾಗ್ ನಿರ್ದೇಶನ, ಪ್ರಸಾರ ಆರಂಭವಾದದ್ದು 1987ರಲ್ಲಿ. ಅದೂ ಹಿಂದಿಯೇ. ಆದರೆ ಚಿತ್ರೀಕರಣ ನಡೆದದ್ದು ನಮ್ಮ ಮಗ್ಗುಲಿನ ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ; ಒಂದು ಕಂತಿನಲ್ಲಿ ನಮ್ಮ ‘ನಾಗರಹಾವಿ’ನ ವಿಷ್ಣುವರ್ಧನ್. ಹಿಂದಿ ಮಾತನಾಡುತ್ತಿದ್ದರೂ ಮುಖಗಳೆಲ್ಲ ನಮ್ಮವು, ಜಗುಲಿಗಳೂ ನಮ್ಮವೇ. ಶಾಲೆ ತಪ್ಪಿಸುವ ಹುಡುಗ, ಕಥೆ ಹೇಳುವ ಅಜ್ಜಿ, ಸಂತೆ ಬೀದಿ. ಯುದ್ಧವಿಲ್ಲ, ಬಾಣವಿಲ್ಲ, ಹಾರುವ ರಥವಿಲ್ಲ. ಜಗುಲಿಯ ಮೇಲೆ ಕುಳಿತವರು ಪರದೆಯಲ್ಲಿ ಜಗುಲಿಯನ್ನೇ ನೋಡಿದರು. ತಮ್ಮ ಸಣ್ಣ ಬದುಕು ದೇಶವೆಲ್ಲ ಕುಳಿತು ನೋಡಲು ಯೋಗ್ಯವಾದದ್ದು ಎಂಬ ಅರಿವು ನಮ್ಮ ಹಳ್ಳಿಗರಿಗೆ ಬಂದದ್ದು ಆಗಲೇ ಇರಬೇಕು.

ಆ ಶಂಕರ್ ನಾಗ್ ತೀರಿಕೊಂಡದ್ದು ನಮ್ಮ ಜಿಲ್ಲೆಯಲ್ಲಿಯೇ. 1990ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಚಿತ್ರದುರ್ಗ–ದಾವಣಗೆರೆ ಹೆದ್ದಾರಿಯ ಆನಗೋಡು ಬಳಿ ನಡೆದ ಅಪಘಾತದಲ್ಲಿ. ಈಗ ಆನಗೋಡು ದಾವಣಗೆರೆ ಜಿಲ್ಲೆಯಲ್ಲಿದೆ. 1997ರಲ್ಲಿ ಹೊಸ ಜಿಲ್ಲೆಯಾಗುವವರೆಗೆ ಅದು ಚಿತ್ರದುರ್ಗಕ್ಕೆ ಸೇರಿತ್ತು. ಅವರಿಗಿನ್ನೂ ಮೂವತ್ತೈದು ವರ್ಷ. ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆಂದು ಉತ್ತರಕ್ಕೆ ಹೊರಟಿದ್ದರು. ನಮ್ಮ ಕಡೆಯ ಆಟೋಗಳ ಹಿಂದೆ ಅವರ ಚಿತ್ರ ಇಂದಿಗೂ ಮಾಸಿಲ್ಲ. ಆ ಹೆದ್ದಾರಿಯಲ್ಲಿ ರಾತ್ರಿ ಪಯಣಿಸುವಾಗಲೆಲ್ಲ ನನಗೆ ‘ಮಾಲ್ಗುಡಿ’ಯ ಆರಂಭದ ರಾಗ ಕಿವಿಯಲ್ಲಿ ಬರುತ್ತದೆ, ಎಲ್. ವೈದ್ಯನಾಥನ್ ಸಂಯೋಜಿಸಿದ ರಾಗವದು.

ತೊಂಬತ್ತರ ದಶಕದ ಕಥೆ ನಿಮಗೆಲ್ಲ ಗೊತ್ತಿರುವುದೇ. ಕೇಬಲ್ ಬಂತು. 1994ರಲ್ಲಿ ಉದಯ ಟಿ.ವಿ., 2000ದ ಕೊನೆಯಲ್ಲಿ ಈಟಿವಿ ಕನ್ನಡ. ಟಿ.ವಿ. ಪೂರ್ತಿ ಕನ್ನಡವಾಯಿತು, ಮತ್ತು ಮನೆಗೊಂದಾಯಿತು. ಅರ್ಥ ಹೇಳುವವನ ಅಗತ್ಯ ತಪ್ಪಿತು. ಮರದ ಬಾಗಿಲಿನ ಪೆಟ್ಟಿಗೆಗೆ ಮಾಲೆ ಹಾಕುತ್ತಿದ್ದವರು ಅದರ ಮೇಲೆ ಮಗ್ಗಿಪುಸ್ತಕ, ಔಷಧದ ಸೀಸೆ ಇಡಲಾರಂಭಿಸಿದರು. ಸಂಜೆ ಏಳಾದರೆ ಬೀದಿ ಬರಿದು; ಮನೆಮನೆಯಿಂದಲೂ ಒಂದೇ ಧಾರಾವಾಹಿಯ ಅಳು. ಒಂದೇ ಕಥೆಯನ್ನು ಇಡೀ ಊರು ನೋಡುತ್ತಿತ್ತು ನಿಜ. ಆದರೆ ಗೋಡೆಗಳ ನಡುವೆ. ದುರ್ಯೋಧನನ ದನಿ ಸಾಲದೆಂದು ಯಾರಿಗೆ ಹೇಳುವುದು? ಒಳ್ಳೆಯದೂ ಬಂತೆನ್ನಿ. ಚಂದನ ವಾಹಿನಿಯಲ್ಲಿ 2002ರ ಜನವರಿಯಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ ರಸಪ್ರಶ್ನೆ ಬಹುಮಾನವಾಗಿ ಪುಸ್ತಕಗಳನ್ನು ಕೊಟ್ಟಿತು. ನಮ್ಮ ಮಕ್ಕಳು ಪರದೆಗಿಂತ ಮುಂಚೆ ಉತ್ತರ ಕೂಗುವ ಪಂದ್ಯ ಕಟ್ಟಿದರು. ನಾನು ಕಂಡ ಮಟ್ಟಿಗೆ, ಮನೆಯವರೆಲ್ಲ ಪರಸ್ಪರ ಮಾತನಾಡುತ್ತಾ ನೋಡಿದ ಕಾರ್ಯಕ್ರಮ ಆ ಕಾಲದಲ್ಲಿ ಅದೊಂದೇ.

ಇದೇ ಹೊತ್ತಿನಲ್ಲಿ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನಡೆದ ಕೆಲಸವನ್ನು ಹೇಳದೆ ಮುಂದೆ ಹೋಗಲಾರೆ. ಮನೆಮನೆಯಲ್ಲಿ ಟಿ.ವಿ. ಕೂಗುತ್ತಿದ್ದ 1997ರಲ್ಲಿ ಅಲ್ಲಿನ ಮಠದ ಪಂಡಿತಾರಾಧ್ಯ ಸ್ವಾಮೀಜಿಯವರು ‘ಶಿವಸಂಚಾರ’ ಎಂಬ ನಾಟಕ ತಂಡ ಕಟ್ಟಿದರು. ವರ್ಷಕ್ಕೆ ಮೂರು ನಾಟಕಗಳನ್ನು ಸಿದ್ಧಪಡಿಸಿ ನಾಡಿನ ಊರೂರಿಗೆ ಕೊಂಡೊಯ್ಯುವ ತಂಡವದು. ಬೆಟ್ಟದ ಇಳಿಜಾರಿನಂತೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಅಲ್ಲಿನ ಬಯಲು ರಂಗಮಂದಿರದಲ್ಲಿ ನವೆಂಬರಿನ ನಾಟಕೋತ್ಸವಕ್ಕೆ ಸುತ್ತಲ ಹಳ್ಳಿಗಳಿಂದ ಟ್ರಾಕ್ಟರುಗಳಲ್ಲಿ ಜನ ಬರುತ್ತಾರೆ. ಒಂದು ವರ್ಷ ನಾನೂ ಹೋಗಿದ್ದೆ. ಆ ಮೆಟ್ಟಿಲುಗಳಲ್ಲಿ ಪಡಸಾಲೆ, ಅಂಗಳ, ಬೀದಿ ಎಂಬ ಗುರುತಿಲ್ಲ. ಮೊದಲು ಬಂದವರು ಮುಂದೆ. ಚಳಿಗೆ ನನ್ನ ಪಕ್ಕದ ಅಪರಿಚಿತ ಅಜ್ಜ ಕಂಬಳಿಯ ಒಂದು ಸೆರಗನ್ನು ನನ್ನ ಮೊಣಕಾಲಿನ ಮೇಲೆ ಎಳೆದರು. ನಾನು ಯಾರು, ಯಾವ ಮತದವನು ಎಂದು ಅವರು ಕೇಳಲಿಲ್ಲ. ನಾಟಕದ ಮಧ್ಯೆ ಮಾತ್ರ ನಟನ ದನಿ ಸಾಲದು ಎಂದರು.

2020ರ ಮಾರ್ಚ್ 28ರಂದು, ಕೊರೊನಾ ದಿಗ್ಬಂಧನದ ನಡುವೆ, ದೂರದರ್ಶನವು ಹಳೆಯ ‘ರಾಮಾಯಣ’ವನ್ನು ಮತ್ತೆ ಪ್ರಸಾರ ಮಾಡಿತು. ದೇಶದಲ್ಲಿ ಕೋಟಿಗಟ್ಟಲೆ ಜನ ನೋಡಿದರು. ನಮ್ಮ ದೇವಾಲಯಗಳೂ ಮುಚ್ಚಿದ್ದವು. ಪಾಸ್ಖ ಹಬ್ಬದ ಪೂಜೆಯನ್ನು ನೀವೆಲ್ಲ ಮೊಬೈಲಿನಲ್ಲಿ ನೋಡಿದಿರಿ, ಸಂತ ಕ್ಲಾರಾರಂತೆ. ಖಾಲಿ ಬೆಂಚುಗಳ ಮುಂದೆ ಪೂಜೆ ಅರ್ಪಿಸಿದ ನನಗೆ ಆ ತಾಯಿಯ ಸಂಕಟ ಅರ್ಥವಾದದ್ದು ಅಂದೇ. ಎರಡು ವರ್ಷಗಳಲ್ಲಿ, 2022ರ ವೇಳೆಗೆ, ದೇಶದ ಬಹುಪಾಲು ಹಳೆಯ ಬಗೆಯ ಪ್ರಸಾರ ಕೇಂದ್ರಗಳೂ ಮುಚ್ಚಿದವು. ಮಾಳಿಗೆಯ ಮೇಲಿನ ಕೊಳವೆಗಳಿಗೆ ಹಿಡಿಯಲು ಇನ್ನು ಏನೂ ಉಳಿಯಲಿಲ್ಲ.

ಅದೇ 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ತುಂಬಿತು. 1898ರಲ್ಲಿ ಕಟ್ಟಲಾರಂಭಿಸಿ 1907ರಲ್ಲಿ ಮುಗಿಸಿದ ಮಾರಿಕಣಿವೆ ಅಣೆಕಟ್ಟು ಅಲ್ಲಿ ತನಕ ಒಮ್ಮೆ ಮಾತ್ರ, 1933ರಲ್ಲಿ, ಕೋಡಿ ಬಿದ್ದಿತ್ತು. ಎಂಬತ್ತೊಂಬತ್ತು ವರ್ಷಗಳ ನಂತರ ನೀರು ಮತ್ತೆ ಕೋಡಿ ಹರಿಯಿತು. ವಾಹಿನಿಗಳೆಲ್ಲ ತೋರಿಸಿದವು, ಕೈಯಲ್ಲಿರುವ ಮೊಬೈಲಿನಲ್ಲೂ ಕಂಡಿತು. ಆದರೂ ಜನ ಮನೆಯಲ್ಲಿ ಕೂರಲಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ದುರ್ಗ, ಎಲ್ಲ ಕಡೆಯಿಂದಲೂ ಬೈಕು, ಟ್ರಾಕ್ಟರು, ಟೆಂಪೋಗಳಲ್ಲಿ ಹೊರಟರು. ನಮ್ಮ ಧರ್ಮಕೇಂದ್ರದ ಕೆಲವು ಕುಟುಂಬಗಳ ಜೊತೆ ನಾನೂ ಹೋದೆ. ಕಾಲಿಡಲು ಜಾಗವಿರಲಿಲ್ಲ. ಬುತ್ತಿಯ ಚಿತ್ರಾನ್ನ, ಹುರಿದ ಶೇಂಗಾ ಪಕ್ಕದವರಿಗೂ ಹೋಯಿತು. ಎಂಬತ್ತು ದಾಟಿದ ಒಬ್ಬ ಅಜ್ಜಿಯನ್ನು ಮೊಮ್ಮಕ್ಕಳು ಎತ್ತಿಕೊಂಡು ಬಂದಿದ್ದರು. ಟಿ.ವಿ.ಯಲ್ಲಿ ಮೂರು ದಿನದಿಂದ ತೋರಿಸುತ್ತಿದ್ದಾರಲ್ಲ ಅಜ್ಜಿ, ಇಷ್ಟು ದೂರ ಯಾಕೆ ಬಂದಿರಿ ಎಂದು ಕೇಳಿದೆ. “ಅಲ್ಲಿ ನೋಡಿದೆನಪ್ಪ” ಎಂದರು, “ಅದರಲ್ಲಿ ಒದ್ದೆಯಾಗಲಿಲ್ಲ.” ಆಮೇಲೆ ಪಕ್ಕಕ್ಕೆ ಸರಿದು, ತಾವು ಕುಳಿತಿದ್ದ ಕಂಬಳಿಯಲ್ಲಿ ನನಗೂ ಜಾಗ ಮಾಡಿಕೊಟ್ಟರು.